ಇನ್ನೂ ಹಾಕದ ರಸ್ತೆಯಲ್ಲಿ ಗಾಡಿ ಎಣಿಸುವುದು ಹೇಗೆ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಊರು. ಹೆದ್ದಾರಿ ಪಕ್ಕದಲ್ಲಿ ನಮ್ಮ ತಂದೆಯವರ ಕಾಲದಿಂದ ಟಿಫನ್ ಹೋಟೆಲ್ ನಡೆಸುತ್ತಿದ್ದೇವೆ. ಈಗ ಊರಾಚೆ ಬೈಪಾಸ್ ಬರುತ್ತದಂತೆ. ಇನ್ನು 20 ವರ್ಷಕ್ಕೆ ಅಲ್ಲಿ ದಿನಕ್ಕೆ ಎಷ್ಟು ವಾಹನ ಓಡುತ್ತವೆ ಅಂತಲೂ ವರದಿಯಲ್ಲಿ ಬರೆದಿದ್ದಾರೆ. ಇನ್ನೂ ಹಾಕದೇ ಇರುವ ರಸ್ತೆಯ ಗಾಡಿಗಳನ್ನು ಹೇಗೆ ಎಣಿಸುತ್ತಾರೆ ಸಾರ್? ಹೋಟೆಲ್ ದೊಡ್ಡದು ಮಾಡಲು ಸಾಲ ತೆಗೆಯೋಣ ಅಂದುಕೊಂಡಿದ್ದೆ. ಈ ಲೆಕ್ಕ ನಂಬಬಹುದಾ?

ಉತ್ತರ: ಸಾಲದ ಮಾತು ಮೊದಲು ಹೇಳಿಬಿಡುತ್ತೇನೆ. ಆ ಅಂಕಿ ನೋಡಿ ಸಾಲ ಮಾಡಬೇಡಿ. ಅದೇ ಅಂಕಿಗೆ ಹೆದರಿ ಹೋಟೆಲ್ ಮುಚ್ಚಲೂ ಬೇಡಿ. ಅದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನು ಬರೆದದ್ದು ಎಂಜಿನಿಯರಿಗೆ. ಎಷ್ಟು ಲೇನ್ ಬೇಕು, ಡಾಂಬರು ಎಷ್ಟು ದಪ್ಪ ಇರಬೇಕು, ಟೋಲ್ ಇಟ್ಟರೆ ಎಷ್ಟು ಬರುತ್ತದೆ ಅನ್ನುವುದನ್ನೆಲ್ಲ ತೀರ್ಮಾನ ಮಾಡಲು ಅದು ಬೇಕು. ನಿಮಗೆ ಬೇಕಾಗಿರುವುದು ಬೇರೆ. ಹೊಸ ರಸ್ತೆ ಬಂದ ಮೇಲೆ ಹಳೇ ರಸ್ತೆಯಲ್ಲಿ ಯಾರು ಉಳಿಯುತ್ತಾರೆ? ಅವರಲ್ಲಿ ನಿಮ್ಮ ಬಾಗಿಲಲ್ಲಿ ಗಾಡಿ ನಿಲ್ಲಿಸುವವರು ಎಷ್ಟು? ಇದು ಆ ವರದಿಯಲ್ಲಿ ಇರುವುದಿಲ್ಲ.

ಆದರೂ ಆ ಅಂಕಿ ಹೇಗೆ ಹುಟ್ಟುತ್ತದೆ ಅಂತ ತಿಳಿದುಕೊಂಡರೆ ನಿಮ್ಮ ಲೆಕ್ಕವನ್ನೂ ನೀವೇ ಹಾಕಬಹುದು.

ಮೊದಲ ಕೆಲಸ ರಸ್ತೆ ಪಕ್ಕದ್ದು. ಏಳು ದಿನ, ಹಗಲೂ ರಾತ್ರಿ, ಹೋಗುವ ಬರುವ ಪ್ರತಿ ಗಾಡಿಯನ್ನೂ ಎಣಿಸುತ್ತಾರೆ. ಈಗ ಕ್ಯಾಮೆರಾ ಬಂದಿದೆ. ನಾನು ಈ ಲೆಕ್ಕದ ಕೆಲಸಕ್ಕೆ ಸೇರಿದಾಗ ಹುಡುಗರು ಸ್ಟೂಲ್ ಹಾಕಿಕೊಂಡು ಕೂತು ಕಾಗದದ ಮೇಲೆ ಗೀಟು ಹಾಕುತ್ತಿದ್ದರು. ನಾಲ್ಕು ಗೀಟು ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆದರೆ ಐದು ಗಾಡಿ. ಬೈಕಿಗೆ ಒಂದು ಸಾಲು, ಕಾರಿಗೊಂದು, ಬಸ್ಸು, ಲಾರಿ, ಟ್ರ್ಯಾಕ್ಟರ್ ಹೀಗೆ. ರಾತ್ರಿ ಮೂರು ಗಂಟೆಗೆ ನಿದ್ದೆ ತಡೆಯಲು ಪಕ್ಕದ ಟೀ ಅಂಗಡಿಯೇ ಗತಿ.

ಎಣಿಸಿದ ಗಾಡಿಗಳನ್ನೆಲ್ಲ ಆಮೇಲೆ ಕಾರಿನ ಅಳತೆಗೆ ತರುತ್ತಾರೆ. ಒಂದು ಕಾರು ರಸ್ತೆಯಲ್ಲಿ ಹಿಡಿಯುವ ಜಾಗ 1 ಅಂದರೆ ಬೈಕಿಗೆ ಅರ್ಧ, ಬಸ್ಸು ಲಾರಿಗೆ 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿಗೆ 4.5. ದೇಶದ ರಸ್ತೆಗಳಿಗೆ ಅಳತೆ ಗೊತ್ತು ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆ ಕೊಟ್ಟಿರುವ ಅಳತೆ ಇದು. ಹಾಗಾಗಿ ವರದಿಯಲ್ಲಿ 'ಪಿಸಿಯು' ಅಂತ ಕಂಡರೆ ಅದು ಗಾಡಿಗಳ ಸಂಖ್ಯೆ ಅಲ್ಲ, ಕಾರಿನ ಲೆಕ್ಕದಲ್ಲಿ ಹೇಳಿದ ಜಾಗ. ಹೋಟೆಲ್ ಕಣ್ಣಿಂದ ನೋಡಿದರೆ ಈ ಅಳತೆಗೆ ಅರ್ಥವೇ ಇಲ್ಲ. ಇಬ್ಬರು ಕೂತ ಬೈಕು ಅರ್ಧ, ಒಬ್ಬ ಡ್ರೈವರ್ ಇರುವ ಲಾರಿ ಮೂರು. ಇಡ್ಲಿ ಹೆಚ್ಚು ಹೋಗುವುದು ಯಾರಿಂದ ಅಂತ ನಿಮಗೆ ಗೊತ್ತು.

ಎರಡನೇ ಕೆಲಸ ಗಾಡಿ ನಿಲ್ಲಿಸಿ ಕೇಳುವುದು. ಪಕ್ಕದಲ್ಲಿ ಪೊಲೀಸರು ನಿಂತಿರುತ್ತಾರೆ. ಎಲ್ಲಿಂದ ಬಂದಿರಿ, ಎಲ್ಲಿಗೆ, ಏನು ಕೆಲಸಕ್ಕೆ, ಎಷ್ಟು ದಿನಕ್ಕೊಮ್ಮೆ ಈ ದಾರಿಯಲ್ಲಿ ಬರುತ್ತೀರಿ? ಬೈಪಾಸ್ ಲೆಕ್ಕದ ಬೇರು ಇರುವುದು ಇಲ್ಲಿ. ನಿಮ್ಮ ಊರಿಗೇ ಬರುವವರಿಗೆ ಬೈಪಾಸ್ ಬೇಡ. ಊರು ದಾಟಿ ಮುಂದೆ ಹೋಗುವವರಿಗೆ ಮಾತ್ರ ಬೇಕು. ನೂರರಲ್ಲಿ ಎಷ್ಟು ಜನ ಹಾಗೆ ದಾಟಿ ಹೋಗುವವರು ಅನ್ನುವುದೇ ಇಡೀ ಯೋಜನೆಯ ಜೀವ. ಅದಕ್ಕೇ ಈ ಕೆಲಸ ಯಾವ ದಿನ ಮಾಡಿದರು ಅನ್ನುವುದು ತುಂಬಾ ಮುಖ್ಯ. ಸಂತೆ ದಿನ ಕೇಳಿದರೆ ಊರಿಗೆ ಬರುವವರೇ ಜಾಸ್ತಿ ಕಾಣುತ್ತಾರೆ. ಸಾಲು ರಜೆಯಲ್ಲಿ ಕೇಳಿದರೆ ಬೆಂಗಳೂರಿನ ಕಾರುಗಳೇ ತುಂಬಿರುತ್ತವೆ. ನಿಮ್ಮ ವರದಿಯಲ್ಲಿ ಸರ್ವೆಯ ತಾರೀಖು ಇದ್ದೇ ಇರುತ್ತದೆ, ಹುಡುಕಿ ನೋಡಿ. ಆ ವಾರ ಊರಲ್ಲಿ ಜಾತ್ರೆ ಇತ್ತೋ, ಕೊಬ್ಬರಿ ಹರಾಜು ಜೋರಾಗಿತ್ತೋ ಅಂತ ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತದೆ?

ಇಷ್ಟು ಇವತ್ತಿನ ಲೆಕ್ಕ. ಇಪ್ಪತ್ತು ವರ್ಷದ ಆಚೆಗೆ ಹೋಗುವುದು ಹೇಗೆ? ಬಹುತೇಕ ವರದಿಗಳಲ್ಲಿ ಅದು ಬಡ್ಡಿ ಲೆಕ್ಕ. ವರ್ಷಕ್ಕೆ ಇಷ್ಟು ಶೇಕಡಾ ಬೆಳೆಯುತ್ತದೆ ಅಂತ ಇಟ್ಟುಕೊಂಡು ಚಕ್ರಬಡ್ಡಿ ಹಾಕುತ್ತಾ ಹೋಗುವುದು. ಇವತ್ತು ದಿನಕ್ಕೆ 10,000 ಗಾಡಿ ಅನ್ನಿ. ವರ್ಷಕ್ಕೆ ಶೇ. 5 ಅಂತ ಹಿಡಿದರೆ 20 ವರ್ಷಕ್ಕೆ ಸುಮಾರು 26,500. ಶೇ. 7.5 ಅಂತ ಹಿಡಿದರೆ 42,500. ಎರಡೂವರೆ ಶೇಕಡಾ ವ್ಯತ್ಯಾಸಕ್ಕೆ 16,000 ಗಾಡಿ ಹೆಚ್ಚು! ನಾಲ್ಕು ಲೇನ್ ಸಾಕು ಅನ್ನುವುದು ಆರು ಲೇನ್ ಬೇಕು ಅಂತ ತಿರುಗಲು ಇಷ್ಟು ಸಾಕು. ಈ ಶೇಕಡಾವನ್ನು ಆ ಭಾಗದ ಆದಾಯ, ಜನಸಂಖ್ಯೆ, ವಾಹನ ನೋಂದಣಿ ನೋಡಿ ತೆಗೆಯಬೇಕು. ಒಳ್ಳೆಯ ವರದಿ ಒಂದೇ ಅಂಕಿ ಕೊಡುವುದಿಲ್ಲ. ಕಡಿಮೆ ಬೆಳೆದರೆ ಇಷ್ಟು, ಹೆಚ್ಚು ಬೆಳೆದರೆ ಇಷ್ಟು ಅಂತ ಕೊಡುತ್ತದೆ. ನಿಮ್ಮ ಕೈಲಿರುವುದರಲ್ಲಿ ಒಂದೇ ಅಂಕಿ ಇದ್ದರೆ ಅಲ್ಲೇ ಅನುಮಾನ ಶುರುವಾಗಲಿ.

ಈಗ ಕಷ್ಟದ ಭಾಗಕ್ಕೆ ಬರೋಣ. ರಸ್ತೆ ಬದಲಾದರೆ ಜನವೂ ಬದಲಾಗುತ್ತಾರೆ. ಇದನ್ನು ಲೆಕ್ಕಕ್ಕೆ ತರುವ ಕ್ರಮ 1950ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್, ಷಿಕಾಗೊ ಊರುಗಳ ಅಧ್ಯಯನಗಳಲ್ಲಿ ರೂಪುಗೊಂಡಿತು. ನಾಲ್ಕು ಮೆಟ್ಟಿಲು. ಎಷ್ಟು ಓಡಾಟ ಹುಟ್ಟುತ್ತದೆ, ಅದು ಎಲ್ಲಿಗೆ ಹೋಗುತ್ತದೆ, ಬಸ್ಸಲ್ಲೋ ಬೈಕಲ್ಲೋ ಕಾರಲ್ಲೋ, ಕೊನೆಗೆ ಯಾವ ದಾರಿಯಲ್ಲಿ. ಸಣ್ಣ ಯೋಜನೆಗಳ ವರದಿಗಳಲ್ಲಿ ಏನಾಗುತ್ತದೆ ಅಂದರೆ, ಮೊದಲ ಮೂರಕ್ಕೆ ಬೀಗ ಹಾಕಿಟ್ಟು ನಾಲ್ಕನೆಯದನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಇವತ್ತು ಓಡಾಡುವ ಜನವೇ ನಾಳೆಯೂ ಓಡಾಡುತ್ತಾರೆ, ಹೋಗುವ ಊರುಗಳೂ ಅವೇ, ಗಾಡಿಯೂ ಅದೇ, ದಾರಿ ಮಾತ್ರ ಬೇರೆ ಅಂತ. ವರ್ಷಕ್ಕೆ ಬೆಳೆಯುವ ಶೇಕಡಾ ಬಿಟ್ಟರೆ ಉಳಿದದ್ದೆಲ್ಲ ಕಲ್ಲಲ್ಲಿ ಕೆತ್ತಿದ ಹಾಗೆ.

ಹಾಗಾಗುವುದಿಲ್ಲ ಅಂತ ನೋಡಲು ನಾವು ದೂರ ಹೋಗಬೇಕಾಗಿಲ್ಲ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ವೇ ನೋಡಿ. 118 ಕಿಲೋಮೀಟರ್, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಮೂರು ಗಂಟೆಯ ದಾರಿ 75 ನಿಮಿಷಕ್ಕೆ ಇಳಿಯುತ್ತದೆ ಅಂತ ಹೇಳಿದರು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್. ಬೈಪಾಸ್ ತೆರೆದ ಕೂಡಲೇ ಕಾರುಗಳು ಹಳೇ ದಾರಿ ಬಿಟ್ಟವು. ಇದನ್ನು ಯಾವ ಲೆಕ್ಕವಾದರೂ ಹಿಡಿಯುತ್ತಿತ್ತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ರಾತ್ರಿ ಉಳಿಯಬೇಕಾಗಿದ್ದ ಮೈಸೂರು ಬೆಳಗ್ಗೆ ಹೋಗಿ ಸಂಜೆ ಬರುವ ಊರಾಯಿತು. ಮದ್ದೂರಲ್ಲಿ ಇಳಿದು ವಡೆ ತಿಂದು ಕಾಫಿ ಕುಡಿಯುತ್ತಿದ್ದ ಎಷ್ಟೋ ಸಂಸಾರಗಳು ಈಗ ಆ ಊರನ್ನು ಬೋರ್ಡಿನಲ್ಲಿ ಓದಿ ಮುಂದೆ ಹೋಗುತ್ತವೆ. ಚನ್ನಪಟ್ಟಣದ ಗೊಂಬೆ ಅಂಗಡಿಯವರು, ರಾಮನಗರ ಮದ್ದೂರಿನ ಹೋಟೆಲಿನವರು ವ್ಯಾಪಾರ ಬಿದ್ದುಹೋಯಿತು ಅಂತ ಗೋಳಾಡಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ಗಾಡಿ ಎಷ್ಟು ಅಂತ ಎಣಿಸಿದವರು ಇದ್ದರು. ಗಾಡಿಯವರು ಎಲ್ಲಿ ಇಳಿಯುತ್ತಾರೆ ಅಂತ ಕೇಳಿದ್ದರೆ ಆ ಅಂಗಡಿಯವರಿಗೆ ಎರಡು ವರ್ಷ ಮೊದಲೇ ತಯಾರಾಗಲು ಆಗುತ್ತಿತ್ತು. ಇದು ನನಗೆ ಇವತ್ತಿಗೂ ನೋವು ಕೊಡುವ ವಿಷಯ.

ಅದೇ ರಸ್ತೆ ಇನ್ನೊಂದು ಪಾಠ ಕಲಿಸುತ್ತದೆ. ರಸ್ತೆ ಬಂದ ಮೇಲೆ ಏನು ಬದಲಾಯಿತು ಅಂತ ಹಿಂತಿರುಗಿ ಅಳೆಯುವುದೂ ಸುಲಭ ಅಲ್ಲ. 2022ರ ನವೆಂಬರ್‌ನಲ್ಲಿ ಮೈಸೂರಿಗೆ ವಂದೇ ಭಾರತ್ ರೈಲು ಬಂತು. 2023ರ ಮಾರ್ಚ್‌ನಲ್ಲಿ ರಸ್ತೆ, ಜೊತೆಗೇ ಟೋಲ್. ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ ಅಂತಾಯಿತು. ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡಲಿಲ್ಲ. ಆ ವರ್ಷದ ಕೊನೆಗೆ ಒಬ್ಬ ತಾಯಿ ಮಂಡ್ಯದಿಂದ ಮೈಸೂರಿಗೆ ಮಗಳ ಮನೆಗೆ ತಿಂಗಳಿಗೆ ಎರಡು ಸಲ ಹೋಗಲು ಶುರುಮಾಡಿದರು ಅಂದುಕೊಳ್ಳಿ. ಅದಕ್ಕೆ ಕಾರಣ ರಸ್ತೆಯೋ, ಬಸ್ಸಿನ ಟಿಕೆಟ್ಟೋ? ಮುಂಚೆ ಇಷ್ಟಿತ್ತು, ಆಮೇಲೆ ಇಷ್ಟಾಯಿತು ಅಂತ ಕಳೆದು ಅಷ್ಟನ್ನೂ ರಸ್ತೆಯ ಹೆಸರಿಗೆ ಬರೆದರೆ ತಪ್ಪಾಗುತ್ತದೆ. ರಸ್ತೆ ಬರದೇ ಇದ್ದಿದ್ದರೆ ಎಷ್ಟಿರುತ್ತಿತ್ತು ಅನ್ನುವುದರ ಜೊತೆ ಹೋಲಿಸಬೇಕು. ನಮ್ಮ ಕೆಲಸದ ಕಷ್ಟವೆಲ್ಲ ಆ 'ಇದ್ದಿದ್ದರೆ' ಅನ್ನುವ ಪದದಲ್ಲಿದೆ.

ಜನರ ಬದಲಾವಣೆ ಒಂದೇ ಹೊತ್ತಿಗೆ ಬರುವುದಿಲ್ಲ. ದಾರಿ ಬದಲಿಸಲು ಒಂದು ವಾರ ಸಾಕು. ಹೊರಡುವ ಹೊತ್ತು ಬದಲಾಗಲು ಒಂದೆರಡು ತಿಂಗಳು ಬೇಕು. ಆರು ಗಂಟೆಗೆ ಹೊರಡುತ್ತಿದ್ದವರು ಏಳಕ್ಕೆ ಹೊರಟರೂ ಆಗುತ್ತದೆ ಅಂತ ಗೊತ್ತಾಗಲು ಕೆಲವು ಸಲ ಓಡಾಡಿ ನೋಡಬೇಕು. ಬಸ್ಸು ಬಿಟ್ಟು ಕಾರು ತೆಗೆದುಕೊಳ್ಳುವುದು ವರ್ಷದ ಮಾತು. ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಇದಕ್ಕೆಲ್ಲ ಹತ್ತಿರದ ಊರು ಬಿಟ್ಟು ದೂರದ ದೊಡ್ಡ ಊರಿಗೆ ಹೋಗುವ ರೂಢಿ ಎರಡು ಮೂರು ವರ್ಷದಲ್ಲಿ ಬೆಳೆಯುತ್ತದೆ. ಎಲ್ಲಕ್ಕಿಂತ ನಿಧಾನ ಅಂದರೆ ಮನೆ, ಸೈಟು, ಕಾರ್ಖಾನೆ. ಹತ್ತು ವರ್ಷ ಹಿಡಿಯುತ್ತದೆ, ಆದರೆ ಒಮ್ಮೆ ಆದರೆ ಹಿಂದಕ್ಕೆ ಹೋಗುವುದಿಲ್ಲ. ಆದ್ದರಿಂದ ರಸ್ತೆ ತೆರೆದ ಆರು ತಿಂಗಳಿಗೆ ಅದು ಗೆದ್ದಿತು ಅಂತಲೋ ಸೋತಿತು ಅಂತಲೋ ಹೇಳುವವರ ಮಾತು ಕೇಳಬೇಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ. ಹಾಸಿಗೆ ಉದ್ದ ಮಾಡಿಕೊಟ್ಟರೆ ಕಾಲೂ ಉದ್ದಕ್ಕೆ ಚಾಚುತ್ತದೆ. ರಸ್ತೆ ವಿಷಯದಲ್ಲೂ ಹೀಗೇ. ರಸ್ತೆ ಅಗಲ ಮಾಡಿದ ಕಾರಣಕ್ಕೇ ಹುಟ್ಟುವ ಹೊಸ ಓಡಾಟ ಇರುತ್ತದೆ. ಲಂಡನ್ ಸುತ್ತ 1986ರಲ್ಲಿ ಪೂರ್ತಿಯಾದ ಎಂ25 ವರ್ತುಲ ರಸ್ತೆಯಲ್ಲಿ ಸ್ವಲ್ಪ ವರ್ಷದಲ್ಲೇ ಅಂದಾಜು ಮೀರಿ ಗಾಡಿ ತುಂಬಿಕೊಂಡವು. ಬ್ರಿಟನ್ ಸರ್ಕಾರದ್ದೇ ಸಲಹಾ ಸಮಿತಿ 1994ರಲ್ಲಿ ವರದಿ ಕೊಟ್ಟು, ಹೊಸ ರಸ್ತೆ ಹೊಸ ಓಡಾಟ ಹುಟ್ಟಿಸುವುದು ನಿಜ, ಓಡಾಟ ಬದಲಾಗುವುದೇ ಇಲ್ಲ ಅಂತ ಇಟ್ಟುಕೊಂಡು ಲೆಕ್ಕ ಹಾಕುವುದನ್ನು ಬಿಡಬೇಕು ಅಂದಿತು. ನಾನು ಮೇಲೆ ಹೇಳಿದ ಬೀಗದ ಮಾತೇ ಅದು. 2011ರಲ್ಲಿ ಡುರಾಂಟನ್ ಮತ್ತು ಟರ್ನರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿಗಳನ್ನು ಇಟ್ಟುಕೊಂಡು ನೋಡಿದರು. ಅಂತರರಾಜ್ಯ ಹೆದ್ದಾರಿ ಎಷ್ಟು ಶೇಕಡಾ ಹೆಚ್ಚಿತೋ ಅದರ ಮೇಲಿನ ಓಡಾಟವೂ ಹೆಚ್ಚೂಕಡಿಮೆ ಅಷ್ಟೇ ಶೇಕಡಾ ಹೆಚ್ಚಿತ್ತು. ಇದು ದೊಡ್ಡ ನಗರಗಳ ಮಾತು. ನಿಮ್ಮ ತಾಲ್ಲೂಕಿಗೆ ಇದನ್ನು ಹಾಗೇ ಅಂಟಿಸಬೇಡಿ. ಈಗಾಗಲೇ ಕಿಕ್ಕಿರಿದು, ಜನ ಹೊರಡುವುದನ್ನೇ ತಡೆದುಕೊಂಡು ಕೂತಿರುವ ಕಡೆ ಈ ಗುಣ ಜೋರಾಗಿರುತ್ತದೆ. ಸಣ್ಣ ಊರಿನ ಬೈಪಾಸಿನಲ್ಲಿ ದಾರಿ ಬದಲಿಸುವವರದ್ದೇ ದೊಡ್ಡ ಪಾಲು.

ಹಾಗಾದರೆ ಲೆಕ್ಕವೆಲ್ಲ ಸುಮ್ನೆನಾ? ಅಲ್ಲ. ಸರಿಯಾಗಿ ಕೇಳಿದರೆ ಅದು ಬೆರಗಾಗುವಷ್ಟು ಸರಿ ಬರುತ್ತದೆ. 1970ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಭಾಗಕ್ಕೆ ಬಾರ್ಟ್ ಅನ್ನುವ ನಗರ ರೈಲು ಬರುವ ಮೊದಲು ಅರ್ಥಶಾಸ್ತ್ರಜ್ಞ ಡೇನಿಯಲ್ ಮ್ಯಾಕ್‌ಫ್ಯಾಡೆನ್ ಮತ್ತು ಜೊತೆಗಾರರು ಜನರನ್ನು ವಿಚಾರಿಸಿ, ಕೆಲಸಕ್ಕೆ ಹೋಗುವವರಲ್ಲಿ ಶೇ. 6.3 ರೈಲು ಹತ್ತುತ್ತಾರೆ ಅಂದರು. ಆಮೇಲೆ ನೋಡಿದರೆ 6.2. ಅವರ ವಿಧಾನಕ್ಕೆ 2000ದಲ್ಲಿ ನೊಬೆಲ್ ಬಂತು. ಅವರ ವಿಚಾರ ಹೀಗೆ. ಪ್ರತಿಯೊಬ್ಬರೂ ಮನಸ್ಸಲ್ಲೇ ಹೊತ್ತು, ದುಡ್ಡು, ಸುಸ್ತು ಮೂರನ್ನೂ ತೂಗುತ್ತಾರೆ. ತೂಕ ಒಬ್ಬೊಬ್ಬರಿಗೂ ಬೇರೆ. ನಿಮ್ಮ ಬೈಪಾಸ್ 15 ನಿಮಿಷ ಉಳಿಸುತ್ತದೆ, ಟೋಲ್ 60 ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದು ಗಂಟೆಗೆ 200 ರೂಪಾಯಿ ಬೆಲೆ ಕಟ್ಟುವ ಒಬ್ಬರಿಗೆ 15 ನಿಮಿಷ ಅಂದರೆ 50 ರೂಪಾಯಿ. ಅವರು ಊರೊಳಗಿಂದಲೇ ಹೋಗುತ್ತಾರೆ. ಅದೇ ಕಾರಲ್ಲಿ ನಾಲ್ಕು ಜನ ಆಫೀಸಿನವರು ಕೂತಿದ್ದರೆ ಟೋಲ್ ತಲೆಗೆ 15, ಅವರು ಬೈಪಾಸಿಗೆ ಹೋಗುತ್ತಾರೆ. ಹಾಗಂತ 50 ರೂಪಾಯಿಗೆ ಎಲ್ಲರೂ ಆ ಕಡೆ, 51ಕ್ಕೆ ಎಲ್ಲರೂ ಈ ಕಡೆ ಆಗುವುದಿಲ್ಲ. ನೂರರಲ್ಲಿ ಇಷ್ಟು ಜನ ಅಂತ ಮೆಲ್ಲಗೆ ವಾಲುತ್ತದೆ. ಆ ವಾಲುವಿಕೆಯನ್ನು ಹಿಡಿಯುವುದೇ ಲೆಕ್ಕ.

ಆದರೆ ಯಾರ ಜೇಬು ಅಂತ ನೋಡಬೇಕು. ಒಂದು ಸರ್ವೆಯಲ್ಲಿ ತೆಂಗಿನಕಾಯಿ ಲಾರಿ ಡ್ರೈವರ್ ಒಬ್ಬರನ್ನು, ಟೋಲ್ ಹಾಕಿದರೆ ಯಾವ ದಾರಿ ಹಿಡಿಯುತ್ತೀರಿ ಅಂತ ಕೇಳಿದೆ. 'ಮೊದಲಾದರೆ ಟೋಲ್ ದುಡ್ಡು ಉಳಿಸಿದರೆ ನಂಗೇ ಉಳೀತಿತ್ತು, ಊರೊಳಗೆ ನುಗ್ಗಿಸ್ತಿದ್ದೆ. ಈಗ ಫಾಸ್ಟ್‌ಟ್ಯಾಗ್ ಓನರ್ದು, ನಂಗೇನು, ಬೈಪಾಸೇ' ಅಂದರು. ನನ್ನ ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಫಾರಂನ ಹಿಂಬದಿಯಲ್ಲಿ ಬರೆದುಕೊಂಡೆ. ದಾರಿ ಆರಿಸುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು. 2021ರ ಫೆಬ್ರವರಿಯಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯ ಆದದ್ದು ಟೋಲ್ ಗೇಟಿನ ಸಾಲನ್ನಷ್ಟೇ ಬದಲಿಸಲಿಲ್ಲ ಅಂತ ನನಗೆ ಅವತ್ತು ಹೊಳೆಯಿತು.

ಲೆಕ್ಕ ಕೆಡುವುದಕ್ಕೆ ಇನ್ನೊಂದು ಕಾರಣ, ಅಂಕಿ ದೊಡ್ಡದಾದಷ್ಟೂ ಯಾರಿಗಾದರೂ ಲಾಭ ಇರುವುದು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 2010ರಲ್ಲಿ ಕ್ಲೆಮ್7 ಅನ್ನುವ ಟೋಲ್ ಸುರಂಗ ತೆರೆದರು. ದಿನಕ್ಕೆ ಒಂದು ಲಕ್ಷದ ಹತ್ತಿರ ಗಾಡಿ ಬರುತ್ತವೆ ಅಂತ ಹೇಳಿದ್ದರು. ಬಂದದ್ದು ಅದರ ಮೂರನೇ ಒಂದು ಭಾಗವೂ ಅಲ್ಲ. ಒಂದೇ ವರ್ಷದಲ್ಲಿ ಕಂಪನಿ ಸಾಲ ಕೊಟ್ಟವರ ಕೈಗೆ ಹೋಯಿತು. ಟೆಂಡರಿನಲ್ಲಿ ಯಾರು ಹೆಚ್ಚು ಗಾಡಿ ಬರುತ್ತವೆ ಅಂತ ನಂಬುತ್ತಾರೋ ಅವರೇ ಹೆಚ್ಚು ದುಡ್ಡು ಕೂಗಿ ಗೆಲ್ಲುತ್ತಾರೆ. ಅಂದರೆ ಎಲ್ಲರಿಗಿಂತ ಜಾಸ್ತಿ ತಪ್ಪು ಮಾಡಿದವರು ಗೆಲ್ಲುವ ಸಾಧ್ಯತೆಯೇ ಹೆಚ್ಚು. ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲ್ಯೂಬ್ಯಾರ್ ಮತ್ತು ಜೊತೆಗಾರರು 14 ದೇಶಗಳ 210 ಯೋಜನೆಗಳನ್ನು ನೋಡಿ 2005ರಲ್ಲಿ ಬರೆದರು. ರಸ್ತೆ ಯೋಜನೆಗಳಲ್ಲಿ ಅರ್ಧದಷ್ಟು ಕಡೆ ಅಂದಾಜಿಗೂ ನಿಜಕ್ಕೂ ಶೇ. 20ಕ್ಕಿಂತ ಹೆಚ್ಚು ವ್ಯತ್ಯಾಸ ಇತ್ತು. ಮೇಲಕ್ಕೂ ಇತ್ತು, ಕೆಳಕ್ಕೂ ಇತ್ತು.

ಈಗ ನಿಮ್ಮ ಹೋಟೆಲಿಗೆ ಬರೋಣ. ಕ್ಯಾಷ್ ಟೇಬಲ್ ಮೇಲೆ ಒಂದು ನೋಟ್‌ಬುಕ್ ಇಡಿ. ಏಳು ದಿನ, ಸಂತೆ ದಿನ ಮತ್ತು ಭಾನುವಾರ ಸೇರುವ ಹಾಗೆ. ಹೊರಗೆ ನಿಂತ ಗಾಡಿಯ ನಂಬರ್ ಪ್ಲೇಟ್ ನೋಡಿ. ಕೆಎ 06, ಕೆಎ 44 ಆದರೆ ಬಹುಪಾಲು ಜಿಲ್ಲೆಯವರೇ. ಬೇರೆ ನಂಬರ್ ಆದರೆ ಒಂದು ಮಾತು ಕೇಳಿ, ಎಲ್ಲಿಗೆ ಹೊರಟಿದ್ದೀರಿ ಅಂತ. ಬಿಲ್ ಎಷ್ಟಾಯಿತು ಅಂತಲೂ ಬರೆಯಿರಿ, ಯಾಕೆಂದರೆ ಬೇಕಾದ್ದು ತಲೆ ಲೆಕ್ಕ ಅಲ್ಲ, ದುಡ್ಡಿನ ಲೆಕ್ಕ. ಒಂದು ಸಲ ಮದುವೆ ಕಾಲದಲ್ಲಿ, ಒಂದು ಸಲ ಆಷಾಢದಲ್ಲಿ ಮಾಡಿ. ದಿನದ ವ್ಯಾಪಾರ 20,000 ಇದ್ದು, ಅದರಲ್ಲಿ 12,000 ಊರವರು ಮತ್ತು ಸುತ್ತಲ ಹಳ್ಳಿಯವರಿಂದ ಬರುತ್ತಿದ್ದರೆ ಅದು ಎಲ್ಲೂ ಹೋಗುವುದಿಲ್ಲ. ಹೆಚ್ಚಬಹುದು ಕೂಡ. ಲಾರಿಗಳು ಊರು ಬಿಟ್ಟ ಮೇಲೆ ರಸ್ತೆ ದಾಟಲು ಭಯ ಇರುವುದಿಲ್ಲ, ಅಂಗಡಿ ಮುಂದೆ ಗಾಡಿ ನಿಲ್ಲಿಸಲು ಜಾಗ ಸಿಗುತ್ತದೆ, ಸಂಜೆ ಹೊತ್ತು ಅಜ್ಜಿ ಮೊಮ್ಮಕ್ಕಳನ್ನು ಕರೆದುಕೊಂಡು ಬರಬಹುದು. ಉಳಿದ 8,000ದಲ್ಲಿ, ಹೋಗುವ ದಾರಿಯಲ್ಲಿ ಹೋಟೆಲ್ ಸಿಕ್ಕಿತು ಅಂತ ನಿಲ್ಲಿಸುವವರು ಹೋಗುತ್ತಾರೆ. ನಿಮ್ಮ ದೋಸೆಗೆ ಅಂತಲೇ ನಿಲ್ಲಿಸುವವರಲ್ಲಿ ಒಂದು ಪಾಲು ಉಳಿಯುತ್ತದೆ. 'ಬೈಪಾಸ್ ಆದ ಮೇಲೂ ಬರ್ತೀರಾ' ಅಂತ ನೇರವಾಗಿ ಕೇಳಬೇಡಿ. ಮುಖ ನೋಡಿ ಎಲ್ಲರೂ ಹೂಂ ಅನ್ನುತ್ತಾರೆ. 'ಹೋದ ತಿಂಗಳು ಎಷ್ಟು ಸಲ ಬಂದಿರಿ' ಅಂತ ಕೇಳಿ.

ಬಸ್ ಡಿಪೋಗೂ ಒಮ್ಮೆ ಹೋಗಿಬನ್ನಿ. ಎಕ್ಸ್‌ಪ್ರೆಸ್ ಬಸ್ಸುಗಳು ಬೈಪಾಸ್ ಹಿಡಿಯುತ್ತವೋ, ಊರ ಸ್ಟ್ಯಾಂಡಿಗೆ ಬರುತ್ತವೋ ಅನ್ನುವುದು ಬೆಳಗಿನ ವ್ಯಾಪಾರವನ್ನು ತೀರ್ಮಾನ ಮಾಡುತ್ತದೆ. ಇದನ್ನು ಯಾವ ವರದಿಯ ಲೆಕ್ಕವೂ ಹೇಳುವುದಿಲ್ಲ, ಟ್ರಾಫಿಕ್ ಕಂಟ್ರೋಲರ್ ಹೇಳುತ್ತಾರೆ.

ಬೈಪಾಸಿನ ನಕ್ಷೆ ಕೇಳಿ ತರಿಸಿಕೊಳ್ಳಿ. ಅದು ಹಳೇ ರಸ್ತೆಯಿಂದ ಎಲ್ಲಿ ಒಡೆಯುತ್ತದೆ, ಎಲ್ಲಿ ಮತ್ತೆ ಸೇರುತ್ತದೆ ಅಂತ ನೋಡಿ. ಒಡೆಯುವ ಕಡೆ ಊರಿಗೆ ಹೋಗುವ ಗಾಡಿ ಸುಲಭವಾಗಿ ಎಡಕ್ಕೋ ಬಲಕ್ಕೋ ತಿರುಗಬಹುದೇ, ಅಥವಾ ಮುಂದಿನ ಅಂಡರ್‌ಪಾಸ್ ತನಕ ಹೋಗಿ ಸರ್ವಿಸ್ ರಸ್ತೆಯಲ್ಲಿ ಹಿಂತಿರುಗಬೇಕೇ? ಮೈಸೂರು ರಸ್ತೆಯಲ್ಲಿ ಊರವರು ಪ್ರವೇಶ ಮತ್ತು ನಿರ್ಗಮನಕ್ಕೆ ಜಾಗ ಕೊಡಿ ಅಂತ ಕೇಳಬೇಕಾಗಿ ಬಂದದ್ದು ರಸ್ತೆ ಮುಗಿದ ಮೇಲೆ. ನಿಮ್ಮಲ್ಲಿ ಇನ್ನೂ ಕಾಗದದ ಮೇಲಿದೆ. ಸಾರ್ವಜನಿಕರ ಅಹವಾಲು ಸಭೆಗೆ ಊರಿನ ನಾಲ್ಕು ಜನ ಅಂಗಡಿಯವರನ್ನೂ ಕರೆದುಕೊಂಡು ಹೋಗಿ. ಎರಡೂ ತುದಿಯಲ್ಲಿ ಊರಿಗೆ ಸರಿಯಾದ ದಾರಿ ಮತ್ತು ಊರಿನ ಹೆಸರಿನ ದೊಡ್ಡ ಬೋರ್ಡು ಬೇಕು ಅಂತ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಂಡು ಬನ್ನಿ. ಸಾಲದ ಅರ್ಜಿಯನ್ನು ನೋಟ್‌ಬುಕ್ಕಿನ ಲೆಕ್ಕ ಮುಗಿದ ಮೇಲೆ ತುಂಬಿದರಾಯಿತು.